ಮಹಡಿಯ ಮೇಲಿನ ಬೆಕ್ಕು

ಮೂರು ವರ್ಷದ ಹಿಂದೆ, ನಮ್ಮ ಮೇಲಿನ ಮನೆಯವರು ಬೆಕ್ಕು ಸಾಕಿದ್ದಾರೆ ಅಂತ ನಾನು ನಂಬಿಬಿಟ್ಟಿದ್ದೆ. ದಿನಾ ಸಂಜೆ ಆರೂವರೆಗೆ ಸರಿಯಾಗಿ ಯಾರೋ ಅದರ ಬಾಲ ತುಳಿಯುತ್ತಿದ್ದರು. ಇಪ್ಪತ್ತು ನಿಮಿಷ ಅದು ಬಗೆಬಗೆಯಾಗಿ ಕಿರುಚಿಕೊಂಡು ಆಮೇಲೆ ಸುಮ್ಮನಾಗುತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ಆ ಮನೆಯ ಪುಟ್ಟಿ ಸಿಕ್ಕಳು. ಆಗ ಅವಳಿಗೆ ಏಳು ವರ್ಷ. ‘ನಿಮ್ಮ ಬೆಕ್ಕಿಗೆ ಹುಷಾರಿಲ್ವೇನೇ?’ ಅಂತ ಕೇಳಿದೆ. ಅವಳು ನನ್ನನ್ನು ಒಂದು ಥರಾ ನೋಡಿ, ‘ಬೆಕ್ಕಲ್ಲ ತಾತ, ಅದು ನಾನು’ ಅಂದಳು.

ಪುಟ್ಟಿ ಪಿಟೀಲು ಕಲಿಯುತ್ತಿದ್ದಳು. ನೆಲದ ಮೇಲೆ ಕಾಲು ಮಡಚಿ ಕೂತು ನುಡಿಸುವ ನಮ್ಮ ಕಡೆಯ ರೀತಿಯಲ್ಲ. ನಿಂತುಕೊಂಡು, ಗದ್ದದ ಕೆಳಗೆ ಸಿಕ್ಕಿಸಿಕೊಂಡು, ದೊಡ್ಡ ವಾದ್ಯವೃಂದಗಳಲ್ಲಿ ನುಡಿಸುತ್ತಾರಲ್ಲ, ಆ ಪಾಶ್ಚಾತ್ಯ ರೀತಿ. ವಾದ್ಯವಂತೂ ಎರಡಕ್ಕೂ ಒಂದೇ. ಮೊದಲ ತಿಂಗಳ ಕಿರುಚಾಟವೂ ಒಂದೇ. ಯಾರಾದರೂ ತಲೆ ತಿನ್ನುವ ಹಾಗೆ ಮಾತಾಡಿದರೆ ‘ಪಿಟೀಲು ಕುಯ್ಯಬೇಡ’ ಅನ್ನುತ್ತೇವೆ, ಗಮನಿಸಿದ್ದೀರಾ? ‘ಕೊಳಲು ಊದಬೇಡ’, ‘ವೀಣೆ ಮೀಟಬೇಡ’ ಅಂತ ಯಾರೂ ಬೈಯುವುದಿಲ್ಲ. ಆ ಮಾತನ್ನು ಹುಟ್ಟಿಸಿದವರು ಯಾರೋ ನನ್ನ ಹಾಗೇ ಹೊಸದಾಗಿ ಕಲಿಯುವವರ ಕೆಳಗಿನ ಮನೆಯಲ್ಲಿ ಇದ್ದಿರಬೇಕು!

ಆದರೆ ಆ ಕಿರುಚಾಟವೂ ಪುಟ್ಟಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಮೊದಲ ದಿನ ಅವಳ ಪಿಟೀಲಿನಿಂದ ಏನೂ ಬರಲಿಲ್ಲವಂತೆ. ಕಮಾನನ್ನು ತಂತಿಯ ಮೇಲೆ ಎಳೆದರೆ ‘ಸ್ಸ್’ ಅಂತ ಬಟ್ಟೆ ಒರೆಸಿದ ಸದ್ದು, ಅಷ್ಟೇ. ವಾದ್ಯ ಕೆಟ್ಟುಹೋಗಿದೆ ಅಂತ ಮನೆಮಂದಿಯೆಲ್ಲ ಅಂದುಕೊಂಡರು. ಪೆಟ್ಟಿಗೆಯ ಮೂಲೆಯಲ್ಲಿ ಜೇನಿನ ಬಣ್ಣದ ಒಂದು ಗಟ್ಟಿ ಬಿಲ್ಲೆ ಇತ್ತು. ಪುಟ್ಟಿ ಅದನ್ನು ಒಂದು ಬಗೆಯ ಮಿಠಾಯಿ ಅಂದುಕೊಂಡು ನೆಕ್ಕಿಯೂ ನೋಡಿದ್ದಳು. ಅದು ಪೈನ್ ಮರದ ರಾಳ. ಪಿಟೀಲಿನವರು ರೋಸಿನ್ ಅನ್ನುತ್ತಾರೆ. ಕಮಾನಿಗೆ ಕಟ್ಟಿರುವುದು ಕುದುರೆ ಬಾಲದ ಕೂದಲು, ನೂರೈವತ್ತು ಇನ್ನೂರು ಎಳೆ. ಹೊಸ ಕೂದಲು ನುಣುಪಾಗಿ ತಂತಿಯ ಮೇಲೆ ಜಾರಿಹೋಗುತ್ತದೆ. ರೋಸಿನ್ ಉಜ್ಜಿದ ಮೇಲೆ ಅದಕ್ಕೆ ತಂತಿಯನ್ನು ಹಿಡಿಯಲು ಬರುತ್ತದೆ. (ತಂತಿಗಳನ್ನು ಎತ್ತಿ ಹಿಡಿದಿರುವ ಮರದ ಸೇತುವೆಗೂ ನಮ್ಮಲ್ಲಿ ಕುದುರೆ ಅಂತಲೇ ಹೆಸರು. ಒಂದೇ ವಾದ್ಯಕ್ಕೆ ಎರಡು ಕುದುರೆ!)

ಈ ‘ಹಿಡಿಯುವುದು’ ಏನು ಅಂತ ನೀವೂ ನೋಡಬಹುದು. ಒಂದು ದಪ್ಪ ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಮೇಜಿನ ಮೇಲಿಟ್ಟು, ಬ್ಯಾಂಡನ್ನು ನಿಧಾನವಾಗಿ ಎಳೆಯಿರಿ. ಪುಸ್ತಕ ಮೊದಲು ಅಲ್ಲಾಡುವುದಿಲ್ಲ. ಬ್ಯಾಂಡ್ ಉದ್ದವಾಗುತ್ತಾ ಹೋಗುತ್ತದೆ. ಆಮೇಲೆ ಫಕ್ಕನೆ ಪುಸ್ತಕ ಮುಂದಕ್ಕೆ ಜಿಗಿದು ಮತ್ತೆ ನಿಲ್ಲುತ್ತದೆ. ನೀವು ಒಂದೇ ಸಮನೆ ಎಳೆಯುತ್ತಿದ್ದರೂ ಪುಸ್ತಕ ಮಾತ್ರ ಹಿಡಿ, ಬಿಡು, ಹಿಡಿ, ಬಿಡು ಅಂತ ಹೋಗುತ್ತದೆ. ನಿಂತಿರುವ ವಸ್ತುವನ್ನು ಕದಲಿಸಲು ಬೇಕಾದ ಬಲ, ಜಾರುತ್ತಿರುವುದನ್ನು ಜಾರಿಸಲು ಬೇಕಾದ್ದಕ್ಕಿಂತ ಹೆಚ್ಚು. ಅದಕ್ಕೇ ಈ ಜಿಗಿತ. ಸ್ಟೂಲನ್ನು ನೆಲದ ಮೇಲೆ ದರದರ ಎಳೆದಾಗ ಬರುವ ಕಿರ್ರ್ ಸದ್ದೂ, ಎಣ್ಣೆ ಕಾಣದ ಬಾಗಿಲ ಕೀಲಿನ ಗೋಳೂ, ಕರಿಹಲಗೆಯ ಮೇಲೆ ಸೀಮೆಸುಣ್ಣದ ಚೀರಾಟವೂ ಇದರ ಅಣ್ಣತಮ್ಮಂದಿರೇ.

ಪಿಟೀಲಿನ ತಂತಿಯಲ್ಲಿ ನಡೆಯುವುದೂ ಇದೇ, ಆದರೆ ಬಹಳ ಬೇಗ. ಎ ಎಂದು ಕರೆಯುವ ತಂತಿ ಸರಿಯಾಗಿ ನುಡಿದರೆ ಒಂದು ಸೆಕೆಂಡಿಗೆ 440 ಸಲ ಕಂಪಿಸುತ್ತದೆ. ಅಂದರೆ ಕಮಾನು ಅದನ್ನು 440 ಸಲ ಹಿಡಿದು 440 ಸಲ ಬಿಡಬೇಕು. ಯಾವ ಮಗುವಿನ ಕೈ ಅಷ್ಟು ಬೇಗ ಹಿಡಿದು ಬಿಟ್ಟೀತು? ಕೈ ಆ ಕೆಲಸ ಮಾಡುವುದಿಲ್ಲ. ಮಾಡುವುದು ತಂತಿಯೇ.

ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಇದನ್ನು ನೂರೈವತ್ತು ವರ್ಷಕ್ಕೂ ಹಿಂದೆ ಕಂಡುಹಿಡಿದರು. ಕಪ್ಪು ಬಳಿದ ತಂತಿಗೆ ಬಿಳಿಯ ಗಂಜಿಹಿಟ್ಟಿನ ಒಂದು ಕಣ ಅಂಟಿಸಿ, ಅದು ಹೇಗೆ ಕುಣಿಯುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದರು. ತಂತಿ ಎಷ್ಟು ಬೇಗ ಅಲ್ಲಾಡುತ್ತದೆಂದರೆ ಬರೀ ಸೂಕ್ಷ್ಮದರ್ಶಕಕ್ಕೆ ಅದು ಮಸುಕು ಗೆರೆ. ಅದಕ್ಕೆ ಮಸೂರವನ್ನೇ ಕಂಪಿಸುವ ಶ್ರುತಿಕವೆಗೆ ಕಟ್ಟಿದರು. ಕುಣಿಯುವುದನ್ನು ನೋಡಲು ಕುಣಿಯುವ ಕಣ್ಣು! ಅವರಿಗೆ ಕಂಡದ್ದು ವಿಚಿತ್ರವಾಗಿತ್ತು. ನಮ್ಮ ಕಣ್ಣಿಗೆ ತಂತಿ ಹೊಟ್ಟೆ ಉಬ್ಬಿಸಿಕೊಂಡು ಅತ್ತಿತ್ತ ಓಲಾಡುವ ಹಾಗೆ ಕಾಣುತ್ತದಲ್ಲ, ನಿಜದಲ್ಲಿ ಅದು ಎರಡು ನೇರ ಗೆರೆಗಳಂತೆ, ನಡುವೆ ಒಂದು ಚೂಪು ಮೂಲೆಯಂತೆ ಇರುತ್ತದೆ. ಆ ಮೂಲೆ ತಂತಿಯ ಉದ್ದಕ್ಕೂ ಓಡುತ್ತದೆ, ಕುದುರೆಯಿಂದ ಬೆರಳಿನವರೆಗೆ, ಮತ್ತೆ ಹಿಂದಕ್ಕೆ. ಓಡುವಾಗ ದಾರಿಯಲ್ಲಿ ಕಮಾನು ಸಿಗುತ್ತದೆ. ಕುದುರೆಯ ಕಡೆಗೆ ಹೋಗುವಾಗ ಮೂಲೆ ಕಮಾನಿಗೆ ‘ಬಿಡು’ ಅನ್ನುತ್ತದೆ. ಕುದುರೆ ಮುಟ್ಟಿ ವಾಪಸಾಗುವಾಗ ‘ಹಿಡಿ’ ಅನ್ನುತ್ತದೆ. ಓಟದ ಆಟದಲ್ಲಿ ಗೆರೆ ಮುಟ್ಟಿ ಬರುವ ಹಾಗೆ, ಸೆಕೆಂಡಿಗೆ 440 ಸುತ್ತು.

ಹಾಗಾದರೆ ಬೆಕ್ಕು ಎಲ್ಲಿಂದ ಬಂತು? ಪುಟ್ಟಿ ಕಮಾನನ್ನು ಗಟ್ಟಿಯಾಗಿ ಒತ್ತಿದರೆ, ಮೂಲೆ ಬಂದು ‘ಬಿಡು’ ಅಂದರೂ ಕಮಾನು ಬಿಡುವುದಿಲ್ಲ. ತಾಳ ತಪ್ಪುತ್ತದೆ. ಆಗ ಬರುವುದು ‘ಗರ್ರ್’. ತೀರಾ ಹಗುರವಾಗಿ ತೇಲಿಸಿದರೆ, ಮೂಲೆ ಬರುವ ಮೊದಲೇ ಒಂದೆರಡು ಸಲ ಜಾರಿಬಿಡುತ್ತದೆ. ಆಗ ಶಿಳ್ಳೆಯಂಥ ‘ಸುಂಯ್’. ಇವೆರಡರ ನಡುವೆ ಒಂದು ಓಣಿ ಇದೆ. ಒಳ್ಳೆಯ ಸ್ವರ ಆ ಓಣಿಯಲ್ಲಿ ಮಾತ್ರ. ಕಮಾನು ಕುದುರೆಯ ಹತ್ತಿರ ಹೋದಷ್ಟೂ ಓಣಿ ಕಿರಿದು, ದೂರ ಬಂದಷ್ಟೂ ಅಗಲ. ಈ ಓಣಿಯ ನಕ್ಷೆಯನ್ನು 1973ರಲ್ಲಿ ಬರೆದುಕೊಟ್ಟವರು ಜಾನ್ ಶೆಲೆಂಗ್, ಅಮೆರಿಕದ ಎಂಜಿನಿಯರು. ಬಿಡುವಿನಲ್ಲಿ ಚೆಲ್ಲೋ ಎಂಬ ದೊಡ್ಡ ತಂತಿವಾದ್ಯ ನುಡಿಸುತ್ತಿದ್ದರು.

ಶೆಲೆಂಗ್‌ಗಿಂತ ಎಷ್ಟೋ ಮೊದಲೇ ಆ ಓಣಿಯಲ್ಲಿ ನಡೆದಾಡಿದವರು ನಮ್ಮವರೇ ಒಬ್ಬರಿದ್ದಾರೆ. ಸಿ. ವಿ. ರಾಮನ್ ಅಂದ ಕೂಡಲೇ ನಿಮಗೆ ಬೆಳಕು ನೆನಪಾಗುತ್ತದೆ, 1930ರ ನೊಬೆಲ್ ನೆನಪಾಗುತ್ತದೆ, ಬೆಂಗಳೂರಿನವರಿಗೆ ರಾಮನ್ ಸಂಶೋಧನಾ ಸಂಸ್ಥೆಯ ಮರಗಳೂ ನೆನಪಾಗಬಹುದು. ಆ ನೊಬೆಲ್ ಕೆಲಸಕ್ಕಿಂತ ಮೊದಲು ಅವರು ಹಿಡಿದದ್ದು ಪಿಟೀಲನ್ನು. ಹೆಲ್ಮ್‌ಹೋಲ್ಟ್ಸ್ ಬರೆದ ಪುಸ್ತಕ ಚಿಕ್ಕ ವಯಸ್ಸಿನಲ್ಲೇ ಅವರ ಮನಸ್ಸು ಕದ್ದಿತ್ತು. ಕಲ್ಕತ್ತೆಯಲ್ಲಿದ್ದಾಗ, ಕಮಾನು ಎಳೆದಾಗ ತಂತಿ ಹೇಗೆ ಕಂಪಿಸುತ್ತದೆ ಎಂಬುದರ ಬಗ್ಗೆ 1918ರಲ್ಲಿ ಒಂದು ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಮನುಷ್ಯರ ಕೈ ಒಂದೊಂದು ಸಲ ಒಂದೊಂದು ಥರ ಒತ್ತುತ್ತದೆ, ಅಳತೆಗೆ ಸಿಗುವುದಿಲ್ಲ. ಅದಕ್ಕೆ ಪಿಟೀಲು ನುಡಿಸುವ ಒಂದು ಯಂತ್ರವನ್ನೇ ಕಟ್ಟಿ, ಎಷ್ಟು ವೇಗಕ್ಕೆ, ಕುದುರೆಯಿಂದ ಎಷ್ಟು ದೂರಕ್ಕೆ ಎಷ್ಟು ಒತ್ತಡ ಬೇಕು ಅಂತ ಅಳೆದರು. ಮುಂದೆ ನೊಬೆಲ್ ಪಡೆದ ಮನುಷ್ಯ ಒಂದು ಯಂತ್ರದ ಮುಂದೆ ಕೂತು ಕಿರುಚಾಟ ಕೇಳಿಸಿಕೊಳ್ಳುತ್ತಿದ್ದದ್ದನ್ನು ಹೇಳಿದಾಗ ಪುಟ್ಟಿಯ ಅಮ್ಮನಿಗೆ ಬಹಳ ಸಮಾಧಾನವಾಯಿತು.

ಆದರೆ ಪುಟ್ಟಿ ಯಂತ್ರವಲ್ಲ. ಅವಳಿಗಿರುವುದು ತೋಳು. ತೋಳಿನದ್ದೊಂದು ತೊಂದರೆ ಇದೆ. ಕಮಾನು ತಂತಿಗೆ ಅಡ್ಡಲಾಗಿ, ನೆಟ್ಟಗೆ ಹೋಗಬೇಕು. ತೋಳು ಮಾತ್ರ ಕೀಲುಗಳಿಂದ ಮಾಡಿದ್ದು. ಒಂದು ಕೀಲಿನ ಮೇಲೆ ತಿರುಗುವ ಯಾವುದೇ ಆಗಲಿ, ಬಾಗಿಲಾಗಲಿ ಕೈವಾರವಾಗಲಿ, ಬಿಡಿಸುವುದು ಕಮಾನು ಗೆರೆಯನ್ನೇ ಹೊರತು ನೇರ ಗೆರೆಯನ್ನಲ್ಲ. ಬೇಕಾದರೆ ಕರಿಹಲಗೆಯ ಮುಂದೆ ನಿಂತು, ಮೊಣಕೈಯನ್ನು ಗೋಡೆಗೆ ಒತ್ತಿ ಹಿಡಿದು, ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ನೋಡಿ. ಕಾಮನಬಿಲ್ಲಿನ ತುಂಡು ಬರುತ್ತದೆ. ನೇರ ಗೆರೆ ಬರಬೇಕಾದರೆ ಹೆಗಲು, ಮೊಣಕೈ, ಮಣಿಕಟ್ಟು, ಬೆರಳು ನಾಲ್ಕೂ ಒಂದನ್ನೊಂದು ತಿದ್ದುತ್ತಾ ಹೋಗಬೇಕು.

4ರಿಂದ 12 ವರ್ಷದ ಮಕ್ಕಳು ಕಮಾನು ಹೇಗೆ ಎಳೆಯುತ್ತಾರೆ, ನುರಿತವರು ಹೇಗೆ ಎಳೆಯುತ್ತಾರೆ ಅಂತ ಹೋಲಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ವ್ಯತ್ಯಾಸ ಸಿಕ್ಕಿದ್ದು ಮೊಣಕೈಯಲ್ಲಲ್ಲ, ಹೆಗಲಲ್ಲಿ. ನುರಿತವರು ಹೆಗಲನ್ನು ಹೆಚ್ಚು ಅಲ್ಲಾಡಿಸುವುದಿಲ್ಲ, ಮಕ್ಕಳ ಹೆಗಲು ಹಿಂದಕ್ಕೂ ಮುಂದಕ್ಕೂ ಹೋಗುತ್ತಿರುತ್ತದೆ. ಕಮಾನಿನ ಈ ಮೂಲ ಹಿಡಿತ ಬರಲು 700 ಗಂಟೆಗೂ ಹೆಚ್ಚು ಅಭ್ಯಾಸ ಬೇಕು ಅನ್ನುವುದೂ ಅದರಲ್ಲಿ ಕಂಡಿತು. ದಿನಕ್ಕೆ ಇಪ್ಪತ್ತು ನಿಮಿಷದ ಲೆಕ್ಕದಲ್ಲಿ 700 ಗಂಟೆ ಅಂದರೆ 2100 ದಿನ, ಆರು ವರ್ಷಕ್ಕೆ ಸ್ವಲ್ಪ ಕಡಿಮೆ. ಈ ಲೆಕ್ಕ ನಾನು ಪುಟ್ಟಿಗೆ ಹೇಳಲಿಲ್ಲ. ಅವಳೇ ಗುಣಾಕಾರ ಮಾಡಿ ಕಂಡುಹಿಡಿದಳು, ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಅಷ್ಟು ದೂರದ ಊರಿಗೆ ಹೋಗುವ ದಾರಿಯಲ್ಲಿ ಮೈಲಿಗಲ್ಲುಗಳು ಬೇಕಲ್ಲವೇ? ಇದನ್ನು ಚೆನ್ನಾಗಿ ಅರಿತಿದ್ದವರು ಜಪಾನಿನ ಶಿನಿಚಿ ಸುಜುಕಿ. 1898ರಲ್ಲಿ ನಗೋಯಾದಲ್ಲಿ ಹುಟ್ಟಿದವರು. ಅಪ್ಪನದು ಪಿಟೀಲು ತಯಾರಿಸುವ ಕಾರ್ಖಾನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ಸುಮೊತೊ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗೆ ಕಲಿಸತೊಡಗಿದರು. ಅವರಿಗೆ ಹೊಳೆದದ್ದು ಬಹಳ ಸರಳ ಸಂಗತಿ: ಜಪಾನಿನ ಮಕ್ಕಳೆಲ್ಲ ಜಪಾನಿ ಭಾಷೆ ಮಾತಾಡುತ್ತಾರೆ! ಕಷ್ಟದ ಭಾಷೆ, ಆದರೂ ಯಾವ ಮಗುವೂ ‘ನನಗೆ ಬರಲ್ಲ’ ಅನ್ನುವುದಿಲ್ಲ. ನೀವು ಕನ್ನಡ ಕಲಿತದ್ದೂ ಹಾಗೇ ಅಲ್ಲವೇ? ಮೊದಲು ಕೇಳಿದಿರಿ, ಆಮೇಲೆ ತೊದಲಿದಿರಿ, ಅ ಆ ಇ ಈ ಬಂದದ್ದು ಎಷ್ಟೋ ವರ್ಷದ ನಂತರ. ಸಂಗೀತವೂ ಹಾಗೇ ಬರಲಿ ಅಂದರು ಸುಜುಕಿ. ಮೊದಲು ದಿನಾ ಕೇಳುವುದು, ಆಮೇಲೆ ನುಡಿಸುವುದು, ಓದುವುದು ಕೊನೆಗೆ.

ಈ ಪದ್ಧತಿಯ ಎಷ್ಟೋ ತರಗತಿಗಳಲ್ಲಿ ತೀರಾ ಚಿಕ್ಕ ಮಕ್ಕಳ ಕೈಗೆ ಮೊದಲು ಪಿಟೀಲನ್ನೇ ಕೊಡುವುದಿಲ್ಲ. ರಟ್ಟಿನ ಡಬ್ಬಕ್ಕೆ ಒಂದು ಪಟ್ಟಿ ಅಂಟಿಸಿ ಕೊಡುತ್ತಾರೆ. ಅದನ್ನು ಹೆಗಲ ಮೇಲಿಟ್ಟು, ಬೀಳಿಸದೆ ನಿಲ್ಲುವುದು ಮೊದಲ ಮೈಲಿಗಲ್ಲು. ಕಮಾನಿನ ಬದಲು ಪೆನ್ಸಿಲು ಹಿಡಿಯುವುದು ಎರಡನೆಯದು. ಹೆಬ್ಬೆರಳು ಬಾಗಿರಬೇಕು, ಕಿರುಬೆರಳು ಮೇಲೆ ದುಂಡಗೆ ಕೂತಿರಬೇಕು. ಕಿರುಬೆರಳೇಕೆ ಅಷ್ಟು ಮುಖ್ಯ ಅಂದರೆ, ಕಮಾನು ಒಂದು ಏತ. ದೊಡ್ಡವರ ಕಮಾನು ಸುಮಾರು 60 ಗ್ರಾಂ, ಆದರೆ ಹಿಡಿಯುವುದು ಒಂದು ತುದಿಯಲ್ಲಿ. ಹಿಡಿಯ ಹತ್ತಿರ ನುಡಿಸುವಾಗ ಅದರ ಭಾರವೆಲ್ಲ ತಂತಿಯ ಮೇಲೆ ಬೀಳದಂತೆ ಕಿರುಬೆರಳು ಎತ್ತಿ ಹಿಡಿಯಬೇಕು. ತುದಿಯ ಹತ್ತಿರ ಹೋದಂತೆ ಭಾರ ಸಾಲದು, ಆಗ ತೋರುಬೆರಳು ಒತ್ತಬೇಕು. ಕಮಾನು ಒಂದು ಸಲ ಮೇಲಿಂದ ಕೆಳಗೆ ಹೋಗುವಷ್ಟರಲ್ಲಿ ಏತದ ಕೆಲಸ ಒಂದು ಬೆರಳಿನಿಂದ ಇನ್ನೊಂದಕ್ಕೆ ಕೈಬದಲಾಗುತ್ತದೆ. ಅದಕ್ಕೇ ಮೊದಮೊದಲು ಮಕ್ಕಳು ಕಮಾನಿನ ನಡುಭಾಗದಲ್ಲಿ ಮಾತ್ರ, ಗೇಣುದ್ದ ನುಡಿಸುವುದು. ಅಲ್ಲಿ ಜಗಳ ಕಡಿಮೆ.

ಸುಜುಕಿ ಮಕ್ಕಳಿಗೆ ಮೊದಲು ಕೊಟ್ಟ ಧಾಟಿ ನಿಮಗೆಲ್ಲ ಗೊತ್ತಿರುವ ಟ್ವಿಂಕಲ್ ಹಾಡಿನದು. ಅದರಲ್ಲಿ ಜಾಣತನವಿದೆ. ಪಿಟೀಲಿನ ನಾಲ್ಕು ತಂತಿಗಳಿಗೆ ಜಿ, ಡಿ, ಎ, ಇ ಅಂತ ಹೆಸರು. ಪಕ್ಕಪಕ್ಕದ ತಂತಿಗಳ ನಡುವೆ ಸ ಮತ್ತು ಪ ನಡುವಿನ ಅಂತರ. ಆ ಹಾಡಿನ ಮೊದಲ ಜಿಗಿತವೂ ಸ–ಪ ತಾನೆ! ಎ ತಂತಿಯನ್ನು ಎರಡು ಸಲ, ಇ ತಂತಿಯನ್ನು ಎರಡು ಸಲ ಉಜ್ಜಿದರೆ, ಎಡಗೈಯ ಒಂದು ಬೆರಳೂ ಇಡದೆ ಹಾಡು ಶುರುವಾಗಿಬಿಡುತ್ತದೆ. ಆಮೇಲೆ ಒಂದು ಬೆರಳು, ಕೊನೆಗೆ ಮೂರೂ ಬೆರಳು. ಪುಟ್ಟಿಗೆ ಇಲ್ಲಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಕೆಳಗಿನ ಮನೆಯಲ್ಲಿ ನನಗೆ ಆ ಹಾಡು ನಿದ್ದೆಯಲ್ಲೂ ಕೇಳಿಸುತ್ತಿತ್ತು.

ಎಡಗೈಯ ಕಷ್ಟ ಬೇರೆಯೇ. ವೀಣೆಗೆ ಮೆಟ್ಟಿಲುಗಳಿವೆ, ಗಿಟಾರಿಗೂ ಇವೆ. ಪಿಟೀಲಿಗೆ ಏನೂ ಇಲ್ಲ, ನುಣುಪಾದ ಕರಿಮರದ ಪಟ್ಟಿ. ಬೆರಳು ಎಲ್ಲಿಡಬೇಕು? ಇದು ಭಿನ್ನರಾಶಿಯ ಪಾಠ. ತಂತಿಯ ಉದ್ದದಲ್ಲಿ ಒಂಬತ್ತನೇ ಒಂದು ಭಾಗ ಬಿಟ್ಟು ಒತ್ತಿದರೆ ಮುಂದಿನ ಸ್ವರ. ನಾಲ್ಕನೇ ಒಂದು ಭಾಗ ಬಿಟ್ಟರೆ ಮೂರನೇ ಬೆರಳಿನ ಸ್ವರ. ಮೂರನೇ ಒಂದು ಭಾಗದಲ್ಲಿ ಕಿರುಬೆರಳು. ದೊಡ್ಡವರ ಪಿಟೀಲಿನಲ್ಲಿ ಕಂಪಿಸುವ ತಂತಿ ಸುಮಾರು 33 ಸೆಂ.ಮೀ. ಭಾಗಿಸಿ ನೋಡಿ: ಮೊದಲ ಬೆರಳಿಗೆ ಮೂರೂವರೆ ಸೆಂ.ಮೀ.ಗಿಂತ ತುಸು ಹೆಚ್ಚು, ಕಿರುಬೆರಳಿಗೆ 11. ಚೆಲ್ಲೋದ ತಂತಿ ಇದಕ್ಕಿಂತ ಎರಡು ಪಟ್ಟು ಉದ್ದ, ಹಾಗಾಗಿ ಪಿಟೀಲಿನಲ್ಲಿ ಪಕ್ಕದ ಬೆರಳು ಮುಟ್ಟುವ ಸ್ವರವನ್ನು ಅಲ್ಲಿ ಒಂದು ಬೆರಳು ಬಿಟ್ಟು ಮುಂದಿನದರಿಂದ ಹಿಡಿಯಬೇಕು.

ಶುರುವಿನಲ್ಲಿ ಮೇಷ್ಟ್ರು ಪಟ್ಟಿಯ ಮೇಲೆ ಬಣ್ಣದ ಟೇಪು ಅಂಟಿಸಿ ಕೊಟ್ಟಿದ್ದರು. ಪುಟ್ಟಿ ಟೇಪು ನೋಡಿಕೊಂಡು ನುಡಿಸುತ್ತಿದ್ದಳು. ಕಣ್ಣು ಅಲ್ಲಿ, ಕಿವಿ ಎಲ್ಲೋ. ಅವಳ ಟೇಪು ಬಿಡಿಸಿದ್ದು ಒಂದು ಚೂರು ಕಾಗದ. ನೀವೂ ಪಿಟೀಲು ಇರುವವರ ಮನೆಯಲ್ಲಿ ಮಾಡಿ ನೋಡಬಹುದು. ಬೆರಳಿನುಗುರಿನಷ್ಟು ಕಾಗದವನ್ನು ಮಡಚಿ, ದಪ್ಪನೆಯ ಜಿ ತಂತಿಯ ಮೇಲೆ ಸವಾರನ ಹಾಗೆ ಕೂರಿಸಿ. ಸರಿಯಾಗಿ ಮಧ್ಯದಲ್ಲಿ ಬೇಡ, ಕಾಲು ಭಾಗದ ಹತ್ತಿರ ಇರಲಿ. ಈಗ ಜಿ ತಂತಿಯನ್ನು ಮುಟ್ಟದೆ, ಪಕ್ಕದ ಡಿ ತಂತಿಯ ಮೇಲೆ ಮೂರನೇ ಬೆರಳಿಟ್ಟು ನುಡಿಸಿ. ಬೆರಳು ಕೂದಲೆಳೆಯಷ್ಟು ಆಚೀಚೆ ಇದ್ದರೆ ಕಾಗದ ಸುಮ್ಮನೆ ಕೂತಿರುತ್ತದೆ. ಸರಿಯಾದ ಜಾಗಕ್ಕೆ ಬಿತ್ತೋ, ಕಾಗದ ನಡುಗುತ್ತದೆ, ಕೆಲವೊಮ್ಮೆ ಹಾರಿ ಬೀಳುತ್ತದೆ!

ಜಿ ತಂತಿ ಸೆಕೆಂಡಿಗೆ 196 ಸಲ ಕಂಪಿಸುವಂಥದ್ದು. ಡಿ ತಂತಿಯ ಮೂರನೇ ಬೆರಳಿನ ಸ್ವರ 392, ಸರಿಯಾಗಿ ಎರಡರಷ್ಟು. ತನ್ನದೇ ಮೇಲಿನ ಷಡ್ಜ ಪಕ್ಕದಲ್ಲಿ ನುಡಿದಾಗ ಜಿ ತಂತಿ ಯಾರೂ ಕರೆಯದೆಯೇ ಎದ್ದು ದನಿಗೂಡಿಸುತ್ತದೆ. ಎರಡು ಭಾಗವಾಗಿ ಕಂಪಿಸುವುದರಿಂದ ನಟ್ಟನಡುವೆ ಮಾತ್ರ ಅಲ್ಲಾಡುವುದಿಲ್ಲ. ಕಾಗದವನ್ನು ಮಧ್ಯದಲ್ಲಿ ಇಡಬೇಡಿ ಅಂದದ್ದು ಅದಕ್ಕೆ. ಬೆರಳಿಗೆ ಸರಿಯಾದ ಜಾಗ ಸಿಕ್ಕಾಗ ಕಾಗದವಿಲ್ಲದೆಯೂ ಗೊತ್ತಾಗುತ್ತದೆ, ಇಡೀ ಪಿಟೀಲು ಸಣ್ಣ ಗಂಟೆಯ ಹಾಗೆ ಮಿಡಿಯುತ್ತದೆ. ಪುಟ್ಟಿ ಅದನ್ನು ಮೊದಲ ಸಲ ಕೇಳಿಸಿಕೊಂಡ ಸಂಜೆ ಓಡಿಬಂದು ನನ್ನನ್ನು ಮೇಲಕ್ಕೆ ಎಳೆದುಕೊಂಡು ಹೋದಳು. ‘ಕೇಳು ತಾತ, ಒಳಗೆ ಇನ್ನೊಬ್ಬರು ಯಾರೋ ನುಡಿಸ್ತಿದ್ದಾರೆ.’ ನನ್ನನ್ನು ಕೇಳಿದರೆ ಮೈಲಿಗಲ್ಲುಗಳಲ್ಲೆಲ್ಲ ದೊಡ್ಡದು ಇದೇ. ಪರೀಕ್ಷೆ, ಪ್ರಮಾಣಪತ್ರಗಳೆಲ್ಲ ಆಮೇಲಿನ ಮಾತು.

ಕಿರುಬೆರಳು ಬಂದದ್ದು ಮಾರನೆಯ ವರ್ಷ. ಅದಕ್ಕೂ ಒಂದು ಸಾಕ್ಷಿ ಪಿಟೀಲಿನಲ್ಲೇ ಇದೆ. ಡಿ ತಂತಿಯ ಮೇಲೆ ಕಿರುಬೆರಳಿನ ಸ್ವರವೂ ಬರಿ ಎ ತಂತಿಯ ಸ್ವರವೂ ಒಂದೇ ಆಗಬೇಕು. ಎರಡನ್ನೂ ಒಟ್ಟಿಗೆ ನುಡಿಸಿದಾಗ ಒಂದು 440, ಇನ್ನೊಂದು 437 ಆಗಿದ್ದರೆ ಸೆಕೆಂಡಿಗೆ ಮೂರು ಸಲ ‘ವಾವ್, ವಾವ್, ವಾವ್’ ಅಂತ ಅಲೆ ಏಳುತ್ತದೆ. ಬೆರಳು ಸರಿಯಾದಂತೆ ಅಲೆ ನಿಧಾನವಾಗಿ ಕೊನೆಗೆ ಮಲಗುತ್ತದೆ. ವಾದ್ಯವೃಂದದಲ್ಲಿ ಎಲ್ಲರೂ ಓಬೋ ಎಂಬ ಊದುವಾದ್ಯದ ಎ ಸ್ವರಕ್ಕೆ ಶ್ರುತಿ ಮಾಡಿಕೊಳ್ಳುವಾಗ ಆಲಿಸುವುದೂ ಈ ಅಲೆಯನ್ನೇ.

ಈ ಬೆರಳಾಟ ತಲೆಯೊಳಗೂ ಗುರುತು ಬಿಡುತ್ತದೆ. 1995ರಲ್ಲಿ ಜರ್ಮನಿಯಲ್ಲಿ ತಂತಿವಾದ್ಯ ನುಡಿಸುವ ಒಂಬತ್ತು ಮಂದಿಯ ಮಿದುಳನ್ನು ಪರೀಕ್ಷಿಸಿದರು. ಎಡಗೈ ಬೆರಳುಗಳ ಸ್ಪರ್ಶ ಗುರುತಿಸುವ ಭಾಗ ಅವರಲ್ಲಿ ಬೇರೆಯವರಿಗಿಂತ ದೊಡ್ಡದಾಗಿತ್ತು, ಅದರಲ್ಲೂ ಕಿರುಬೆರಳಿನದು. ಎಳೆಯ ವಯಸ್ಸಿನಲ್ಲಿ ಶುರು ಮಾಡಿದವರಲ್ಲಿ ಇನ್ನೂ ಹೆಚ್ಚು. ಬಲಗೈಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಎಲ್ಲರೂ ‘ಸಣ್ಣದು’ ಅಂತ ಅಸಡ್ಡೆ ಮಾಡುವ ಬೆರಳಿಗೆ ತಲೆಯಲ್ಲಿ ದೊಡ್ಡ ಕೋಣೆ!

ನಮ್ಮ ಕಡೆಯ ಮಕ್ಕಳು ಕೂತು ಕಲಿಯುವಾಗ ಪಿಟೀಲಿನ ತಲೆಯನ್ನು ಪಾದದ ಮೇಲೆ ಊರುತ್ತಾರೆ. ಹಾಗಾಗಿ ಎಡಗೈಗೆ ವಾದ್ಯ ಹೊರುವ ಕೆಲಸ ಇಲ್ಲ, ಗಮಕಕ್ಕೆ ಬೇಕಾದ ಹಾಗೆ ಜಾರಾಡಬಹುದು. ನಿಂತು ನುಡಿಸುವವರಿಗೆ ಈ ಜಾರಾಟ ಬರುವುದು ಬಹಳ ತಡವಾಗಿ. ಮೈಸೂರಿನ ಪಿಟೀಲು ಚೌಡಯ್ಯನವರು ದೊಡ್ಡ ಸಭೆಗೂ ಕೇಳಿಸಲಿ ಅಂತ ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಪುಟ್ಟಿಯನ್ನು ಕರೆದುಕೊಂಡು ಹೋದಾಗ ಅವಳು ಸುತ್ತ ನೋಡಿ ಕೇಳಿದ್ದು, ‘ಇದು ಯಾವ ಸೈಜು?’

ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಮಕ್ಕಳ ಪಿಟೀಲುಗಳು ಅಂಗಿಯ ಹಾಗೆ ಅಳತೆಯ ಮೇಲೆ ಬರುತ್ತವೆ: ಹದಿನಾರನೇ ಒಂದು, ಎಂಟನೇ ಒಂದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಹೆಸರು ನಂಬಬೇಡಿ. ಪೂರ್ತಿ ಪಿಟೀಲಿನ ಒಡಲು ಸುಮಾರು 35.5 ಸೆಂ.ಮೀ., ‘ಕಾಲು’ ಪಿಟೀಲಿನದು 28ರ ಹತ್ತಿರ. ಅದು ಯಾವ ಲೆಕ್ಕದಲ್ಲಿ ಕಾಲು? ಗಣಿತದ ಮೇಷ್ಟ್ರು ಒಪ್ಪುವುದಿಲ್ಲ. ತೋಳು ಚಾಚಿ ಹಿಡಿದಾಗ ಪಿಟೀಲಿನ ತಲೆ ಅಂಗೈಗೆ ಸಿಗಬೇಕು, ಅಳತೆ ಅಷ್ಟೇ.

ಈ ಯುಗಾದಿಗೆ ಪುಟ್ಟಿಗೆ ಹತ್ತು ತುಂಬಿತು. ತೋಳು ಉದ್ದವಾಗಿದೆ. ಕಾಲು ಬಿಟ್ಟು ಅರ್ಧ ಪಿಟೀಲು ತಂದಿದ್ದಾರೆ. ತಂತಿ ಉದ್ದವಾಯಿತಲ್ಲ, ಒಂಬತ್ತನೇ ಒಂದು, ನಾಲ್ಕನೇ ಒಂದು ಎಲ್ಲವೂ ಹಳೆಯ ಜಾಗದಿಂದ ಮುಂದಕ್ಕೆ ಸರಿದಿವೆ. ಮೂರು ವರ್ಷ ಕಲಿತ ಬೆರಳುಗಳು ಮಾತ್ರ ಹಳೆಯ ಜಾಗಕ್ಕೇ ಹೋಗಿ ಕೂರುತ್ತಿವೆ.

ನಿನ್ನೆ ಸಂಜೆ ಆರೂವರೆಗೆ ನಾನು ಕಾಫಿ ಕುಡಿಯುತ್ತಿದ್ದೆ. ಮಹಡಿಯ ಮೇಲೆ ಬೆಕ್ಕು ಮತ್ತೆ ಬಂದಿತ್ತು.